ಮರಳಿ ಬಾರದ ನೀರುಗಂಟಿ

2012ರ ಏಪ್ರಿಲ್ 11, ಬುಧವಾರ. ಆಗಿನ್ನೂ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ ಬೇಸಗೆಯ ನಡುಹಗಲು. ಸುತ್ತಲಿನ ಎರೆಭೂಮಿ ಬಿರುಕುಬಿಟ್ಟು ಮುಂಗಾರಿನ ದಾರಿ ಕಾಯುತ್ತಿತ್ತು. ಮೂರು ದಶಕಗಳ ಕಾಲ ಕಡೂರು, ತರೀಕೆರೆ ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟರೊಬ್ಬರು ಊಟ ಮುಗಿಸಿ ಜಗಲಿಯಲ್ಲಿ ಒರಗಿದ್ದರು. ಒಳಗಿನಿಂದ ಪತ್ನಿಯ ದನಿ ಕೇಳಿಸಿತು: “ರೀ, ಇಲ್ಲಿ ಬನ್ನಿ. ಸುಮಾತ್ರದ ಹತ್ರ ಭೂಕಂಪ ಆಗಿದೆಯಂತೆ. ಚೆನ್ನೈಗೂ ಸುನಾಮಿ ಬರಬಹುದು ಅಂತಿದ್ದಾರೆ.”

ಅವರ ಒಬ್ಬಳೇ ಮಗಳು ಚೆನ್ನೈನ ಬೆಸೆಂಟ್ ನಗರದಲ್ಲಿ, ಕಡಲತೀರಕ್ಕೆ ಕಾಲ್ನಡಿಗೆಯ ದೂರದಲ್ಲಿ ಮನೆ ಮಾಡಿಕೊಂಡಿದ್ದಳು. ಅಳಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಮಗಳು ಮತ್ತು ಆರು ವರ್ಷದ ಮೊಮ್ಮಗ ಮಾತ್ರ. ಮೇಷ್ಟರು ಫೋನು ಎತ್ತಿಕೊಂಡರು. ಸಂಪರ್ಕ ಸಿಗಲಿಲ್ಲ. ಮತ್ತೆ ಒತ್ತಿದರು. ಆ ಹೊತ್ತಿನಲ್ಲಿ ಚೆನ್ನೈಯಲ್ಲಿಯೂ ಬೆಂಗಳೂರಿನಲ್ಲಿಯೂ ನೆಲ ಅಲುಗಿದ ಅನುಭವವಾಗಿ ಜನ ಕಟ್ಟಡಗಳಿಂದ ಹೊರಗೆ ಬಂದು ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ತಮ್ಮವರ ಚಿಂತೆ.

ಭೂಕಂಪ ಸಂಭವಿಸಿದ್ದು ಭಾರತೀಯ ಕಾಲಮಾನದಂತೆ ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ. ಅದರ ಪ್ರಮಾಣ 8.6. ಹೈದರಾಬಾದಿನ ಭಾರತೀಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಕೆಲವೇ ನಿಮಿಷಗಳಲ್ಲಿ ಮೊದಲ ಪ್ರಕಟಣೆಯನ್ನು ಹೊರಡಿಸಿತು. 2004ರ ಡಿಸೆಂಬರ್ 26ರ ಭಾನುವಾರ ಇಂಥ ಕೇಂದ್ರವೇ ಇರಲಿಲ್ಲ. ಅಂದು ಬೆಳಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರದ ಬಳಿ ಭೂಮಿ ನಡುಗಿತು. ಅಲೆಗಳು ತಮಿಳುನಾಡಿನ ತೀರವನ್ನು ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ತೆಗೆದುಕೊಂಡವು. ಆಳವಾದ ಸಾಗರದಲ್ಲಿ ಸುನಾಮಿಯ ಅಲೆ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ, ನಿಜ. ಆದರೆ ದೂರವಾಣಿಯ ಮಾತಿಗೆ ಬೇಕಾಗಿದ್ದುದು ಕ್ಷಣವಷ್ಟೆ. ಆ ಮಾತನ್ನು ಆಡುವವರಿರಲಿಲ್ಲ, ಆಡಿದ್ದರೂ ತೀರದ ಕೊನೆಯ ಗುಡಿಸಲಿಗೆ ಅದನ್ನು ಮುಟ್ಟಿಸುವ ವ್ಯವಸ್ಥೆಯಿರಲಿಲ್ಲ. ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ, ಒಟ್ಟು ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಆ ಒಂದು ದಿನ ಪ್ರಾಣ ಕಳೆದುಕೊಂಡರು. 2007ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಕೇಂದ್ರ ಕೆಲಸ ಆರಂಭಿಸಿದ್ದು ಈ ದುರಂತದ ಪಾಠದಿಂದ.

ಮೂರೂವರೆಯ ಸುಮಾರಿಗೆ ಫೋನು ಸಿಕ್ಕಿತು. ಮಗಳು ಮಗುವಿನೊಡನೆ ಗಿಂಡಿಯಲ್ಲಿದ್ದ ಸಹೋದ್ಯೋಗಿಯ ಮನೆ ಸೇರಿಕೊಂಡಿದ್ದಳು. ಮೇಷ್ಟರು ಉಸಿರು ಬಿಡುವಷ್ಟರಲ್ಲಿಯೇ ಅವಳು ಇನ್ನೊಂದು ಮಾತು ಹೇಳಿದಳು. ಮನೆಗೆಲಸಕ್ಕೆ ಬರುವ ಹೆಂಗಸಿನ ಅತ್ತೆ ತೀರದ ಕುಪ್ಪದಲ್ಲಿ ಒಬ್ಬಳೇ ಇದ್ದಾಳೆ, ಸೊಸೆ ಊರಲ್ಲಿಲ್ಲ, ಆ ಮುದುಕಿಗೆ ಯಾರಾದರೂ ಹೇಳಿದರೋ ಇಲ್ಲವೋ ತಿಳಿಯದು.

“ಮಗೂನ ಇಲ್ಲೇ ಬಿಟ್ಟು ಒಂದು ಸಲ ಹೋಗಿ ಬರ್ತೀನಿ ಅಪ್ಪ.”

“ಬೇಡ ಪುಟ್ಟಿ. ನೀನು ಹೋಗಬೇಡ. ಪೊಲೀಸಿನವರು ಇದ್ದಾರೆ, ಅವರು ನೋಡ್ಕೋತಾರೆ.”

“ಇನ್ನೂ ಹೊತ್ತಿದೆಯಪ್ಪ. ಹೇಳಿ ಬಂದುಬಿಡ್ತೀನಿ.”

ಮಾತು ಅಲ್ಲಿಗೆ ಕಡಿಯಿತು. ಮೇಷ್ಟರು ಮತ್ತೆ ಮತ್ತೆ ಒತ್ತಿದರು, ಗಂಟೆ ಮೊಳಗಲಿಲ್ಲ. ನಾಲ್ಕೂಕಾಲರ ಹೊತ್ತಿಗೆ ಅದೇ ಸಾಗರದಲ್ಲಿ ಎರಡನೆಯ ಭೂಕಂಪ ಸಂಭವಿಸಿದೆ, ಪ್ರಮಾಣ 8.2 ಎಂದು ದೂರದರ್ಶನ ಸಾರಿತು. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲೆ, ಯಾವ ಕಡಲೂ ಎಂದೂ ಮುಟ್ಟಲಾರದ ಬಯಲುನಾಡಿನ ಜಗಲಿಯಲ್ಲಿ ಕುಳಿತವರಿಗೆ ಆಗ ನೆನಪಿಗೆ ಬಂದದ್ದು ಕಡಲಲ್ಲ, ಒಂದು ಕೆರೆ.

ಕಡೂರು ಚಿಕ್ಕಮಗಳೂರು ರಸ್ತೆಯಲ್ಲಿ ಸಖರಾಯಪಟ್ಟಣವಿದೆ. ಅದರ ಸಮೀಪ, ಬೆಟ್ಟಗಳ ನಡುವೆ ಅಯ್ಯನಕೆರೆಯಿದೆ. ಶಕುನಗಿರಿಯ ನೆರಳು ಬೀಳುವ ಆ ಜಲರಾಶಿಯನ್ನು ಕಟ್ಟಿಸಿದವನು ರುಕ್ಮಾಂಗದರಾಯನೆಂಬುದು ಐತಿಹ್ಯ. ಆ ಕೆರೆಗೆ ಒಬ್ಬ ನೀರುಗಂಟಿಯಿದ್ದ. ತೂಬು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು, ಕೋಡಿ ಬಿದ್ದಾಗ ಏರಿಯನ್ನು ಕಾಯುವುದು ಅವನ ಕಾಯಕ. ಒಮ್ಮೆ ಕೆರೆಯ ದೇವತೆ ಅವನಿಗೆ ಕಾಣಿಸಿಕೊಂಡು, ತಾನು ಈ ಏರಿಯನ್ನು ಒಡೆದು ಹೋಗುವೆನೆಂದಳು. ನೀರುಗಂಟಿ ಬೇಡಿಕೊಂಡ: ಅರಸನಿಗೆ ಈ ಸುದ್ದಿ ತಿಳಿಸಿ ಬರುವೆ, ನಾನು ಮರಳುವ ತನಕ ತಡೆದಿರು. ದೇವತೆ ಒಪ್ಪಿ ಮಾತು ಕೊಟ್ಟಳು. ಅವನು ಓಡೋಡಿ ಹೋಗಿ ಅರಸನಿಗೆ ಎಲ್ಲವನ್ನೂ ಅರುಹಿದ. ಅರಸ ಯೋಚಿಸಿದ. ಇವನು ಮರಳುವ ತನಕ ಕೆರೆ ಒಡೆಯುವುದಿಲ್ಲ, ಹಾಗಾದರೆ ಇವನು ಎಂದೂ ಮರಳಬಾರದು. ನೀರುಗಂಟಿಯನ್ನು ಅಲ್ಲಿಯೇ ಕೊಲ್ಲಿಸಿದ. ದೇವತೆ ಇಂದಿಗೂ ಕಾಯುತ್ತಿದ್ದಾಳೆ, ಕೆರೆ ಇಂದಿಗೂ ನಿಂತಿದೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿಯೂ ಈ ಕಥೆಗೆ ಸ್ಥಾನ ದೊರೆತಿದೆ.

ಮೇಷ್ಟರು ಈ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದರೋ ಲೆಕ್ಕವಿಲ್ಲ. ‘ಕೆರೆಗೆ ಹಾರ’ದ ಪಾಠ ಬಂದಾಗಲೆಲ್ಲ, ನಮ್ಮ ಸೀಮೆಯಲ್ಲಿಯೂ ಅಂಥದೊಂದು ಬಲಿದಾನ ನಡೆದಿದೆಯೆಂದು ಹೆಮ್ಮೆಯಿಂದ ಸೇರಿಸುತ್ತಿದ್ದರು. ಭಾಗೀರಥಿಯ ತ್ಯಾಗ, ನೀರುಗಂಟಿಯ ಸ್ವಾಮಿನಿಷ್ಠೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೋಲಿಸಿ ಬರೆಯಲು ಮಕ್ಕಳಿಗೆ ಸೂಚಿಸುತ್ತಿದ್ದರು. ಆ ಹೋಲಿಕೆ ತಪ್ಪೆಂದು ಅವರಿಗೆ ತೋರಿದ್ದು ಅಂದು, ಫೋನು ಹಿಡಿದು ಕುಳಿತಿದ್ದಾಗ. ಭಾಗೀರಥಿಗೆ ತನಗೆ ಒದಗಲಿರುವುದು ತಿಳಿದಿತ್ತು. ಅವಳ ಮೇಲೆ ಹೊರಿಸಿದ ಅನ್ಯಾಯ ಅದರಿಂದ ಕಡಿಮೆಯಾಗುವುದಿಲ್ಲ, ಆದರೂ ತಿಳಿದೇ ಆಕೆ ಕೆರೆಗೆ ಇಳಿದಳು. ನೀರುಗಂಟಿಗೆ ಏನೂ ತಿಳಿದಿರಲಿಲ್ಲ. ಅವನು ಪ್ರಾಣ ಕೊಡಲು ಹೋದವನಲ್ಲ, ಸುದ್ದಿ ಹೇಳಲು ಹೋದವನು. ಅವನನ್ನು ಯಾರೂ ಕೇಳಲಿಲ್ಲ. ಕೊಡದೆ ಕಸಿದುಕೊಂಡದ್ದನ್ನು ತ್ಯಾಗವೆಂದು ಕರೆದರೆ ಕೊಂದವನ ಕೆಲಸ ಹಗುರಾಗುತ್ತದೆ.

ಬಹಳ ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಈ ಕಥೆ ಕೇಳಿ ಎದ್ದು ನಿಂತಿದ್ದಳು. “ಸಾರ್, ಅವನು ವಾಪಸ್ ಹೋಗದಿದ್ದರೆ ಸಾಕಿತ್ತಲ್ವಾ? ಊರಲ್ಲೇ ಒಂದು ಮನೆ ಕೊಟ್ಟು ಇಟ್ಕೋಬಹುದಿತ್ತಲ್ವಾ? ಕೊಲ್ಲೋದು ಯಾಕೆ?” ತರಗತಿ ನಕ್ಕಿತ್ತು. ಮೇಷ್ಟರೂ ನಕ್ಕು, ಐತಿಹ್ಯದಲ್ಲಿ ತರ್ಕ ಹುಡುಕಬಾರದಮ್ಮ ಎಂದು ಮುಂದಿನ ಪಾಠಕ್ಕೆ ಹೋಗಿದ್ದರು.

ಅಸಲಿಗೆ ಆ ಹುಡುಗಿಯ ಪ್ರಶ್ನೆಯಲ್ಲಿಯೇ ಕಥೆಯ ತಿರುಳಿತ್ತು. ಅರಸ ಅವನನ್ನು ಊರಿನಲ್ಲಿ ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ, ಏಕೆಂದರೆ ಅವನು ಉಳಿಯುವವನಲ್ಲವೆಂದು ಅರಸನಿಗೆ ಗೊತ್ತಿತ್ತು. ದೇವತೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವಳೆಂಬ ನಂಬಿಕೆ ಅರಸನಿಗೆ ಎಷ್ಟಿತ್ತೋ, ನೀರುಗಂಟಿಯೂ ಕೊಟ್ಟ ಮಾತಿನಂತೆ ಮರಳಿ ಹೋಗಿಯೇ ತೀರುವನೆಂಬ ನಂಬಿಕೆಯೂ ಅಷ್ಟೇ ಇತ್ತು. ಅವನು ಸುಳ್ಳುಗಾರನಾಗಿದ್ದರೆ ಬದುಕಿಕೊಳ್ಳುತ್ತಿದ್ದ. ಅವನ ಸತ್ಯವೇ ಅವನಿಗೆ ಮುಳುವಾಯಿತು. ಕನ್ನಡದ ಮಕ್ಕಳೆಲ್ಲ ಬಲ್ಲ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಹೋಗುತ್ತಾಳೆ, ಕರುವಿಗೆ ಹಾಲೂಡಿಸಿ ಮರಳಿ ಬರುತ್ತಾಳೆ, ಅವಳ ಸತ್ಯದ ಮುಂದೆ ಹುಲಿ ಸೋಲುತ್ತದೆ. ನೀರುಗಂಟಿಗೂ ಆ ಅವಕಾಶವಿತ್ತು. ಅವನು ಮರಳಿ ಹೋಗಿ ಏರಿಯ ಮೇಲೆ ನಿಂತಿದ್ದರೆ ದೇವತೆಯ ಮನಸ್ಸು ಕರಗುತ್ತಿತ್ತೋ ಏನೋ, ಯಾರು ಬಲ್ಲರು? ಅದನ್ನು ತಿಳಿಯುವ ದಾರಿಯನ್ನೇ ಅರಸ ಮುಚ್ಚಿಬಿಟ್ಟ.

ಕನ್ನಡನಾಡಿನಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಕಳುಹಿಸಿಕೊಡುವವರು ‘ಹೋಗು’ ಎನ್ನುವುದಿಲ್ಲ, ‘ಹೋಗಿ ಬಾ’ ಎನ್ನುತ್ತಾರೆ. ಬರಿಯ ‘ಹೋಗು’ ಅಶುಭ. ನೀರುಗಂಟಿಯೂ ದೇವತೆಗೆ ಇದೇ ಮಾತನ್ನು ಹೇಳಿ ಹೊರಟಿರಬೇಕು. ಆ ಸಂಜೆ ಮಗಳು ಹೇಳಿದ್ದೂ ಅದನ್ನೇ.

ತರೀಕೆರೆಯಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ಮೇಷ್ಟರು ಮಕ್ಕಳನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ಅಲ್ಲಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಆ ಕಲ್ಲಿನ ಮುಂದೆ ನಿಂತು ‘ಯಶೋಧರ ಚರಿತೆ’ಯ ಕಥೆ ಹೇಳುವುದು ಅವರ ವಾಡಿಕೆ. ಯಶೋಧರ ತನ್ನ ಅಳಲಿನ ನಿಜವಾದ ಕಾರಣವನ್ನು ತಾಯಿಗೆ ಹೇಳಲಾರದೆ ಅದನ್ನು ಕನಸೆಂದು ಮರೆಮಾಚುತ್ತಾನೆ. ತಾಯಿ ಚಂದ್ರಮತಿ ಅದನ್ನು ದುಃಸ್ವಪ್ನವೆಂದು ಬಗೆದು, ಬರಲಿರುವ ಕೇಡು ತಪ್ಪಬೇಕಾದರೆ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಕೊಲ್ಲಲೊಲ್ಲದ ಮಗ ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಆ ಹಿಟ್ಟಿನ ಕೋಳಿಯ ಸಂಕಲ್ಪಹಿಂಸೆ ತಾಯಿ ಮಗನನ್ನು ಜನ್ಮಜನ್ಮಾಂತರಗಳ ನೋವಿಗೆ ನೂಕುತ್ತದೆ.

ಒಂದೇ ಶಾಲೆಯಲ್ಲಿ, ಒಂದೇ ವರ್ಷದಲ್ಲಿ ಎರಡೂ ಕಥೆಗಳನ್ನು ಹೇಳಿದ್ದ ಮೇಷ್ಟರು ಅವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಎಂದೂ ನೋಡಿರಲಿಲ್ಲ. ಒಂದರಲ್ಲಿ ಎಚ್ಚರಿಕೆಯೇ ಕಲ್ಪಿತ, ಬಲಿಯೂ ಕೃತಕ. ಆದರೂ ಕವಿ ಅದನ್ನು ಕ್ಷಮಿಸುವುದಿಲ್ಲ. ಇನ್ನೊಂದರಲ್ಲಿ ಬಲಿಯಾದವನು ಜೀವಂತ ಮನುಷ್ಯ. ಊರಿಗೆ ಊರೇ ಅದನ್ನು ಕ್ಷಮಿಸಿ ಹೆಮ್ಮೆಪಡುತ್ತದೆ. ಜನ್ನನ ಕಣ್ಣಿನಿಂದ ನೋಡಿದರೆ ಅಯ್ಯನಕೆರೆಯ ಅರಸನ ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂದರೂ ಅದು ಲೆಕ್ಕವೇ ಹೊರತು ಧರ್ಮವಲ್ಲ. ಭಯ ಬಂದಾಗ ಮೊದಲು ಯಾರನ್ನು ಕಳೆದುಕೊಳ್ಳಬಹುದೆಂದು ಎಣಿಸುವ ಮನಸ್ಸನ್ನೇ ಆ ಕಾವ್ಯ ಪ್ರಶ್ನಿಸುತ್ತದೆ. ಮೇಷ್ಟರಿಗೆ ತಮ್ಮ ಮಾತೂ ನೆನಪಾಯಿತು. ಮಗಳಿಗೆ ‘ಹೋಗಬೇಡ’ ಎಂದಾಗ ಕುಪ್ಪದ ಮುದುಕಿಯನ್ನು ಅವರು ಎಣಿಕೆಯಿಂದ ಬಿಟ್ಟಿದ್ದರು.

ಆರು ಗಂಟೆಯ ಬಳಿಕ, ಅಪಾಯ ಸರಿಯಿತು, ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಲಾಗುತ್ತಿದೆ ಎಂಬ ಸುದ್ದಿ ಬರತೊಡಗಿತು. ಏಳು ಗಂಟೆಗೆ ಮಗಳ ಫೋನು ಬಂತು. ಕುಪ್ಪದ ಬಹುಪಾಲು ಜನ ಅಷ್ಟರಲ್ಲಿಯೇ ಎದ್ದು ರಸ್ತೆಗೆ ಬಂದಿದ್ದರಂತೆ. ಮುದುಕಿ ಮಾತ್ರ ಗುಡಿಸಲ ಬಾಗಿಲಲ್ಲಿ ಕುಳಿತಿದ್ದಳಂತೆ.

“ಬರಲ್ಲ ಅಂತ ಹಟ ಹಿಡಿದಿದ್ರು ಅಪ್ಪ. ಸಮುದ್ರ ಬರುತ್ತೋ ಬಿಡುತ್ತೋ ನಂಗೊತ್ತಿಲ್ಲ ಅಂದೆ. ಸುಮ್ನೆ ನನ್ನ ಮುಖ ನೋಡಿದ್ರು. ಹೋದ ಸಲ ಯಾರೂ ಬಂದು ಹೇಳಲಿಲ್ಲ, ಈ ಸಲ ನೀನು ಬಂದಿದ್ದೀಯಲ್ಲ ಅಂತ ಹೇಳಿ ಎದ್ದು ಬಂದ್ರು.”

ಅಂದು ಚೆನ್ನೈಗೆ ಅಲೆ ಬರಲಿಲ್ಲ. ಅಷ್ಟು ದೊಡ್ಡ ಭೂಕಂಪವಾಗಿಯೂ ಕಡಲು ಏಕೆ ಮೇಲೇಳಲಿಲ್ಲವೆಂಬುದಕ್ಕೆ ವಿಜ್ಞಾನದ ಉತ್ತರ ಸರಳವಾಗಿದೆ. 2004ರಲ್ಲಿ ಒಂದು ಶಿಲಾಫಲಕ ಇನ್ನೊಂದರ ಕೆಳಗೆ ನುಗ್ಗಿ ಕಡಲ ತಳವನ್ನೇ ಮೇಲೆತ್ತಿತ್ತು, ಅದರ ಮೇಲಿನ ನೀರೂ ಎದ್ದಿತ್ತು. 2012ರಲ್ಲಿ ಫಲಕದೊಳಗಿನ ಶಿಲಾಭಾಗಗಳು ಒಂದರ ಪಕ್ಕ ಒಂದು ಅಡ್ಡಲಾಗಿ ಜಾರಿದವು, ತಳ ಹೆಚ್ಚು ಮೇಲೇಳಲಿಲ್ಲ. ಸುಮಾತ್ರದ ತೀರದಲ್ಲಿಯೇ ಅಲೆಯ ಎತ್ತರ ಸುಮಾರು ಒಂದು ಮೀಟರಿನಷ್ಟಿತ್ತು. ಆದರೆ ನೆಲ ನಡುಗಿದ ಮೊದಲ ನಿಮಿಷಗಳಲ್ಲಿ ಇದನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಕಡಲಿನಲ್ಲಿ ನೆಟ್ಟ ಮಾಪಕಗಳು ನೀರಿನ ಏರಿಳಿತವನ್ನು ಅಳೆದು ತಿಳಿಸುವ ತನಕ ಕಾಯಬೇಕು. ಕಾಯುವಾಗ ಜನ ತೀರದಿಂದ ದೂರವಿರಬೇಕು.

ಮರುದಿನ ಬೆಳಗ್ಗೆ ಪತ್ರಿಕೆ ತರಲು ಹೋದಾಗ ಪರಿಚಿತರೊಬ್ಬರು ನಗುತ್ತ ಕೇಳಿದರು: “ಏನ್ ಮೇಷ್ಟ್ರೇ, ಟೀವಿಯವರು ಸುಮ್ನೆ ಹೆದರಿಸಿಬಿಟ್ರಲ್ಲ! ಏನೂ ಬರಲಿಲ್ಲವಲ್ಲ?” ಮೇಷ್ಟರು ಉತ್ತರಿಸಲಿಲ್ಲ. ಆದರೆ ಆ ನಗೆ ಅವರನ್ನು ಬಿಡಲಿಲ್ಲ. ಮುಂದಿನ ವಾರಗಳಲ್ಲಿ ಅವರು ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಪುಸ್ತಕಗಳನ್ನೂ ತೆಗೆದು, ಎಚ್ಚರಿಕೆ ಹೊತ್ತವರ ಕಥೆಗಳನ್ನು ಹುಡುಕಿ ಓದತೊಡಗಿದರು.

ಥಾಯ್ಲೆಂಡಿನ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮಿತ್ ಧರ್ಮಸರೋಜ, ದೇಶದ ನೈಋತ್ಯ ತೀರಕ್ಕೆ ಸುನಾಮಿ ಅಪ್ಪಳಿಸಬಹುದೆಂದು 1998ರಲ್ಲಿಯೇ ಹೇಳಿದ್ದರು. ಪ್ರವಾಸಿಗರನ್ನು ಹೆದರಿಸಿ ಓಡಿಸುತ್ತಿದ್ದಾರೆಂಬ ಆಪಾದನೆ ಅವರ ಮೇಲೆ ಬಂತು, ಅವರ ಮಾತನ್ನು ಬದಿಗೆ ಸರಿಸಲಾಯಿತು. 2004ರಲ್ಲಿ ಥಾಯ್ಲೆಂಡಿನ ಆ ತೀರದಲ್ಲಿಯೇ ಸಾವಿರಾರು ಜನ ಸತ್ತ ಮೇಲೆ, ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಕಟ್ಟಲು ಸರಕಾರ ಮತ್ತೆ ಅವರನ್ನೇ ಕರೆಯಿತು. ಇಲ್ಲಿ ನೀರುಗಂಟಿಯನ್ನು ಕತ್ತಿಯಿಂದ ಕೊಲ್ಲಲಿಲ್ಲ, ನಗೆಯಿಂದ ಕೊಂದರು.

ಪುದುಚೇರಿಯ ಬಳಿಯ ನಲ್ಲವಾಡು ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿರುವ ಮೀನುಗಾರರ ಹಳ್ಳಿ. 2004ರ ಆ ಬೆಳಗ್ಗೆ ಸಿಂಗಪುರದಲ್ಲಿದ್ದ ಊರಿನ ಯುವಕನೊಬ್ಬ ಭೂಕಂಪದ ಸುದ್ದಿ ಕೇಳಿ ಮನೆಗೆ ಫೋನು ಮಾಡಿದ. ಕಡಲಿನ ನೀರು ಏರುತ್ತಿದೆಯೆಂದು ಮನೆಯವರು ಹೇಳಿದಾಗ, ಕೂಡಲೇ ಊರು ಬಿಡಿ, ಎಲ್ಲರಿಗೂ ತಿಳಿಸಿ ಎಂದ. ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಆ ಹಳ್ಳಿಯಲ್ಲಿ ಒಂದು ಮಾಹಿತಿ ಕೇಂದ್ರವನ್ನು ನಡೆಸುತ್ತಿತ್ತು. ಮೀನುಗಾರರಿಗೆ ಅಲೆಗಳ ಎತ್ತರವನ್ನು ದಿನವೂ ತಿಳಿಸಲು ಅಲ್ಲಿ ಧ್ವನಿವರ್ಧಕವಿತ್ತು. ಅದೇ ಧ್ವನಿವರ್ಧಕದಲ್ಲಿ ಸುದ್ದಿ ಸಾರಲಾಯಿತು. ಮನೆಗಳೂ ದೋಣಿಗಳೂ ಹಾಳಾದವು, ಜೀವ ಒಂದೂ ಹೋಗಲಿಲ್ಲ. ಆ ದಿನ ಕೇಳಿದ ದನಿ ಜನರಿಗೆ ಹೊಸದಾಗಿರಲಿಲ್ಲವೆಂಬುದು ಗಮನಾರ್ಹ. ದಿನವೂ ಚಿಕ್ಕಪುಟ್ಟ ನಿಜಗಳನ್ನು ಹೇಳುತ್ತ ಬಂದ ದನಿಯಾದ್ದರಿಂದ ದೊಡ್ಡದನ್ನು ಹೇಳಿದಾಗಲೂ ನಂಬಿದರು.

ಸುಮಾತ್ರದ ಪಕ್ಕದ ಸಿಮೆಯುಲು ದ್ವೀಪಕ್ಕೆ ಫೋನೂ ಬೇಕಾಗಲಿಲ್ಲ. 1907ರಲ್ಲಿ ಅಲ್ಲಿಗೆ ಬಂದ ಸುನಾಮಿಯನ್ನು ದ್ವೀಪದ ಜನ ‘ಸ್ಮೊಂಗ್’ ಎಂಬ ಒಂದೇ ಶಬ್ದದಲ್ಲಿ ಕಾಪಿಟ್ಟಿದ್ದರು. ನೆಲ ಬಲವಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂಬುದನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯಾಗಿ, ಹಾಡಾಗಿ ಹೇಳುತ್ತ ಬಂದಿದ್ದರು. 2004ರಲ್ಲಿ ಭೂಕಂಪದ ಕೇಂದ್ರಕ್ಕೆ ಅತಿ ಸಮೀಪದಲ್ಲಿದ್ದ, ಸುಮಾರು 78,000 ಜನರ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಜಾನಪದವನ್ನು ಅಧ್ಯಯನ ಮಾಡುವವರು ಇದಕ್ಕಿಂತ ದೊಡ್ಡ ನಿದರ್ಶನವನ್ನು ಕೇಳಬೇಕಾಗಿಲ್ಲ.

ಜಪಾನಿನ ಹಿರೊ ಎಂಬ ಹಳ್ಳಿಯ ಕಥೆ ಮೇಷ್ಟರಿಗೆ ಎಲ್ಲಕ್ಕಿಂತ ಹತ್ತಿರದ್ದೆನಿಸಿತು. 1854ರ ಚಳಿಗಾಲದ ಒಂದು ಸಂಜೆ ಅಲ್ಲಿಗೆ ಸುನಾಮಿ ಬಂದಾಗ ಹಮಾಗುಚಿ ಗೊರ್ಯೊ ಎಂಬವರು ಭತ್ತದ ಬಣವೆಗಳಿಗೆ ಬೆಂಕಿಯಿಟ್ಟು, ಕತ್ತಲಲ್ಲಿ ದಿಕ್ಕು ತಪ್ಪಿದವರಿಗೆ ಎತ್ತರದ ನೆಲದ ದಾರಿ ತೋರಿಸಿದರು. ಅವರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಲ್ಲವನ್ನೂ ಕಳೆದುಕೊಂಡ ಊರಿನವರಿಗೆ ಕೂಲಿ ಕೊಟ್ಟು, ಸುಮಾರು ನಾಲ್ಕು ವರ್ಷ ಶ್ರಮಿಸಿ ಕಡಲಿಗೆ ಅಡ್ಡಲಾಗಿ 600 ಮೀಟರ್ ಉದ್ದದ, 5 ಮೀಟರ್ ಎತ್ತರದ ಏರಿ ಕಟ್ಟಿಸಿದರು. 1946ರಲ್ಲಿ ಮತ್ತೆ ಅಲೆ ಬಂದಾಗ ಆ ಏರಿ ಹಳ್ಳಿಯ ಬಹುಭಾಗವನ್ನು ಕಾಯಿತು. ಎಚ್ಚರಿಕೆ ಹೇಳಿದವನು ಅಲ್ಲಿ ಬದುಕಿ ಉಳಿದ, ಮರಳಿ ಬಂದ, ಏರಿಯನ್ನು ಕಟ್ಟಿದ. ಆ ಏರಿ ನಿಲ್ಲಲು ಯಾರ ರಕ್ತವೂ ಬೇಕಾಗಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಮೇಷ್ಟರು ಬಸ್ಸು ಹಿಡಿದು ಕಡೂರಿಗೆ, ಅಲ್ಲಿಂದ ಸಖರಾಯಪಟ್ಟಣಕ್ಕೆ ಹೋದರು. ಅಯ್ಯನಕೆರೆಯ ನೀರು ಬೇಸಗೆಗೆ ಕೆಳಗಿಳಿದಿತ್ತು. ಏರಿಯ ಉದ್ದಕ್ಕೂ ನಡೆದಾಗ, ಕೆರೆಯನ್ನು ಬಲ್ಲವರಿಗೆ ಅದರ ದೇವತೆ ಹೇಗೆ ಮಾತನಾಡಿರಬಹುದೆಂಬುದು ಅವರಿಗೆ ಹೊಳೆಯಿತು. ಏರಿಯ ಹಿಂಬದಿಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಭಯ ಕಡಿಮೆ. ಅದೇ ನೀರು ಕದಡಿ ಬಂದರೆ ಏರಿಯ ಮಣ್ಣು ಒಳಗಿನಿಂದ ಕೊಚ್ಚಿಹೋಗುತ್ತಿದೆಯೆಂದು ಅರ್ಥ. ಮಣ್ಣಿನಲ್ಲಿ ಬಿರುಕು, ಏರಿ ತುಸು ಕುಸಿದ ಗುರುತು, ತೂಬಿನ ಬಳಿ ಹೊಸದಾಗಿ ಕೇಳಿಸುವ ಸದ್ದು. ಇವೆಲ್ಲ ಅರಮನೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ, ದಿನವೂ ಅಲ್ಲಿ ಓಡಾಡುವ ನೀರುಗಂಟಿಗೆ ಕಾಣುತ್ತದೆ. ಅಂಥವನನ್ನು ಕೊಂದ ಅರಸ ಒಂದು ಸಲದ ಗಂಡಾಂತರದಿಂದ ಪಾರಾಗಿರಬಹುದು. ಆದರೆ ಮುಂದಿನ ಸಲ ಕದಡಿದ ನೀರನ್ನು ಗುರುತಿಸುವ ಕಣ್ಣನ್ನೂ, ಓಡಿಬಂದು ಹೇಳುವ ಧೈರ್ಯವನ್ನೂ ಆತ ಆ ದಿನವೇ ಕಳೆದುಕೊಂಡ. ಸುದ್ದಿ ತಂದವನ ಗತಿ ಏನಾಯಿತೆಂಬುದನ್ನು ಕಂಡ ಎರಡನೆಯ ನೀರುಗಂಟಿ ಬಾಯಿ ತೆರೆದಾನೆಯೇ?

ಅಯ್ಯನಕೆರೆಯಿಂದ ಹೊರಟ ವೇದಾ ಹಳ್ಳ ಕಡೂರಿನ ಬಳಿ ಆವತಿಯೊಡನೆ ಕೂಡಿ ವೇದಾವತಿಯಾಗುತ್ತದೆ. ವಾಣಿವಿಲಾಸ ಸಾಗರವನ್ನು ತುಂಬಿ, ಹಗರಿಯಾಗಿ ತುಂಗಭದ್ರೆಯನ್ನು ಸೇರುತ್ತದೆ, ಮುಂದೆ ಕೃಷ್ಣೆಯಾಗಿ ಬಂಗಾಳಕೊಲ್ಲಿಗೆ ಇಳಿಯುತ್ತದೆ. ತರೀಕೆರೆ ಸೀಮೆಯ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಭದ್ರೆಯ ದಾರಿಯೂ ಕೊನೆಗೆ ಅಲ್ಲಿಗೇ. ಪಡುವಣ ಕಡಲು ಹತ್ತಿರವಿದ್ದರೂ ಈ ನಾಡಿನ ನೀರು ಮೂಡಣ ಕಡಲನ್ನು ಅರಸಿಕೊಂಡು ಹೋಗುತ್ತದೆ. ಪಡುವಣ ಕಡಲೂ ನಿರಪಾಯವಾದುದೇನಲ್ಲ. 1945ರ ನವೆಂಬರ್ 28ರಂದು ಮಕ್ರಾನ್ ತೀರದಲ್ಲಿ ಎದ್ದ ಸುನಾಮಿ ಮುಂಬಯಿಯನ್ನು ಮುಟ್ಟಿ, ಕಾರವಾರದವರೆಗೂ ತಲುಪಿತ್ತು. ಕೆರೆಯ ಕೆಳಗೆ ಬದುಕುವವರೂ ಕಡಲ ಅಂಚಿನಲ್ಲಿ ಬದುಕುವವರೂ ಒಂದೇ ನೀರಿನ ನೆರೆಹೊರೆಯವರು.

ಏನೂ ಬರಲಿಲ್ಲವಲ್ಲ ಎಂದು ನಕ್ಕ ಪರಿಚಿತರಿಗೆ ಹೇಳಬೇಕಾದ ಮಾತು ಮೇಷ್ಟರಿಗೆ ಆ ಏರಿಯ ಮೇಲೆ ಸಿಕ್ಕಿತು. ಅಯ್ಯನಕೆರೆಯೂ ಒಡೆಯಲಿಲ್ಲ. ಆದರೆ ನೀರುಗಂಟಿ ಸುಳ್ಳು ಹೇಳಿದನೆಂದು ಈ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ಕೆರೆ ಒಡೆಯದಿರುವುದನ್ನೇ ಅವನ ಮಾತಿಗೆ ಸಾಕ್ಷಿಯೆಂದು ನಂಬಿ, ನೆನಪಿಟ್ಟಿದ್ದಾರೆ. ಆ ಗೌರವದಲ್ಲಿ ಒಂದಿಷ್ಟು, ಬಾರದೆ ಹೋದ ಅಲೆಯ ಸುದ್ದಿ ತಂದವರಿಗೂ ಸಲ್ಲಬೇಕು. ಒಮ್ಮೆ ಸುಮ್ಮನೆ ಓಡಿದೆವೆಂದು ನಾಚಿದವರು ಮುಂದಿನ ಸಲ ಏಳುವುದಿಲ್ಲ.

ಮೇ ತಿಂಗಳ ರಜೆಗೆ ಮಗಳು ಮೊಮ್ಮಗನೊಡನೆ ಊರಿಗೆ ಬಂದಳು. ಮೇಷ್ಟರು ಮೊಮ್ಮಗನಿಗೆ ನೀರುಗಂಟಿಯ ಕಥೆ ಹೇಳಿದರು. ಸ್ವಾಮಿನಿಷ್ಠೆಯೆಂಬ ಮಾತನ್ನು ಈ ಸಲ ಬಳಸಲಿಲ್ಲ. ಕಥೆ ಮುಗಿದ ಮೇಲೆ ಹುಡುಗ, ದೇವತೆ ಇನ್ನೂ ಕಾಯ್ತಾನೇ ಇದ್ದಾಳಾ ತಾತ ಎಂದು ಕೇಳಿದ. ಹೌದು, ಇನ್ನೂ ಕಾಯುತ್ತಿದ್ದಾಳೆ ಎಂದರು. ಅವನಿಗೆ ಅದು ಸರಿಯೆನಿಸಲಿಲ್ಲ. ಹಾಗಾದರೆ ಯಾರಾದರೂ ಹೋಗಿ ಅವಳಿಗೆ ಹೇಳಬೇಕಲ್ವಾ ಎಂದ. ಮೇಷ್ಟರ ಬಳಿ ಉತ್ತರವಿರಲಿಲ್ಲ. ಈ ಸಲ ಅವರು ನಗಲಿಲ್ಲ.

ರಜೆ ಮುಗಿದು ಹೊರಡುವ ದಿನ ಮಗಳು ಅಪ್ಪನ ಕಾಲಿಗೆರಗಿ, “ಹೋಗಿ ಬರ್ತೀನಿ ಅಪ್ಪ” ಎಂದಳು. “ಹೋಗಿ ಬಾ ಪುಟ್ಟಿ” ಎಂದರು. ಏಪ್ರಿಲ್ 11ರ ಸಂಜೆ ಹೇಳಬೇಕಾಗಿದ್ದುದೂ ಈ ಮಾತೇ ಎಂಬುದು ಅವರಿಗೆ ತಿಳಿದಿತ್ತು. ಕಡಲು ಮತ್ತೊಮ್ಮೆ ಎದ್ದರೆ, ಮಗಳು ಮತ್ತೊಮ್ಮೆ ಆ ದಾರಿ ಹಿಡಿದರೆ, ಅದನ್ನು ಹೇಳಲು ತಮ್ಮಿಂದ ಆದೀತೇ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.